ನೇರಳೆ ತಲೆ

ಡಿಸೆಂಬರ್ 4, 1996

ಇವತ್ತೂ ಬೇಳೆ. ಮೊನ್ನೆಯದಕ್ಕೇ ನೀರು ಸುರಿದು ಸುರಿದು ಕುದಿಸುತ್ತಿದ್ದಾರೆ, ಮೊನ್ನೆ ತಳ ಹತ್ತಿದ ವಾಸನೆ ಇನ್ನೂ ಹಾಗೇ ಇದೆ. ಬಡಿಸುವವನ ಮೂಗಿನ ತುದಿಯಲ್ಲೊಂದು ಹನಿ ನೇತಾಡುತ್ತಿತ್ತು. ಸಾಲಿನಲ್ಲಿದ್ದವರೆಲ್ಲ ಅದನ್ನೇ ನೋಡುತ್ತಾ ನಿಂತಿದ್ದೆವು. ನನ್ನ ತಟ್ಟೆಗೆ ಬೀಳಲಿಲ್ಲ. ಹಿಂದಿದ್ದವನ ತಟ್ಟೆಗೆ ಬಿತ್ತು. ಅವನು ತಲೆ ತಗ್ಗಿಸಿ ತಿಂದ.

ಹಿಮ ಮೊದಲ ಸಲ ಬಿದ್ದ ದಿನ ನಾನೂ ಎಲ್ಲರ ಹಾಗೆ ಹೊರಗೆ ಓಡಿ ಬಾಯಿ ತೆರೆದು ನಿಂತಿದ್ದೆ. ಅರ್ಜೂ ಬಂದರಿನಲ್ಲಿ ಹುಟ್ಟಿದವನು ಹಿಮ ಎಲ್ಲಿ ನೋಡಿರುತ್ತಾನೆ. ಈಗ ಶೆಡ್ಡಿನ ಸುತ್ತಲ ಹಿಮ ಹಳದಿಯಾಗಿದೆ. ಚಳಿಗೆ ಯಾರೂ ಪಾಯಿಖಾನೆವರೆಗೆ ಹೋಗುವುದಿಲ್ಲ, ಬಾಗಿಲು ದಾಟಿದರೆ ಸಾಕು, ಅಲ್ಲೇ. ಅರಣ್ಯ ಇಲಾಖೆಯ ಹಳೇ ಬಂಗಲೆ ಕ್ಯಾಪ್ಟನ್‌ಗೆ. ನಮಗೆ ತಗಡಿನ ಶೆಡ್ಡು, ಎರಡು ಸಾಲು ಮಂಚ, ಮಧ್ಯ ಒಂದು ಒಲೆ. ಒಲೆಯ ಸುತ್ತ ತಂತಿ ಕಟ್ಟಿ ಎಲ್ಲರ ಕಾಲುಚೀಲ ಒಣಹಾಕಿದ್ದಾರೆ. ಆ ಹಬೆ ಕುಡಿದುಕೊಂಡೇ ಮಲಗಬೇಕು.

ನಮ್ಮ ಬೀದಿಯಲ್ಲಿ ಮೀನಿನ ನಾತ ಅಂತ ರೆದ್ವಾನ್ ನನ್ನನ್ನು ಹಂಗಿಸುತ್ತಾನೆ. ಅವನು ಆಲ್ಜಿಯರ್ಸ್ ಪಟ್ಟಣದವನು, ನಮ್ಮ ತುಕಡಿಯ ಕ್ಷೌರದವನು. "ಬೂತಾಯಿ ಬುಟ್ಟೀಲಿ ಹುಟ್ಟಿದೋನಿಗೆ ಮೂಗು ಬೇರೆ ಕೇಡು" ಅನ್ನುತ್ತಾನೆ. ಮೀನಿನ ನಾತವನ್ನು ಸಂಜೆಗೆ ಸಮುದ್ರದ ಗಾಳಿ ಎತ್ತಿಕೊಂಡು ಹೋಗುತ್ತದೆ. ಇಲ್ಲಿಯದು ಎಲ್ಲಿಗೂ ಹೋಗುವುದಿಲ್ಲ.

ಡಿಸೆಂಬರ್ 8

ಪಕ್ಕದ ಮಂಚದವನ ಬಗ್ಗೆ ಬರೆಯದೆ ಇರಲಾಗುತ್ತಿಲ್ಲ. ಹೆಸರು ತಿಜಾನಿ, ದಕ್ಷಿಣದ ಎಲ್ ವೇದ್ ಕಡೆಯ ಮರಳುನಾಡಿನವನು. ಚಳಿ ಶುರುವಾದ ಮೇಲೆ ಮೈಗೆ ನೀರು ಮುಟ್ಟಿಸಿಲ್ಲ. ನಮಾಜಿಗೆ ಮುಂಚೆ ಕೂಡ ಒಂದು ಕಲ್ಲು ಮುಟ್ಟಿ ಮುಖ ಸವರಿಕೊಳ್ಳುತ್ತಾನೆ. ನೀರು ಸಿಗದ ಕಡೆ ಹಾಗೆ ಮಾಡಬಹುದಂತೆ. ಇಲ್ಲಿ ಮೊಣಕಾಲುದ್ದ ಹಿಮ ಬಿದ್ದಿದೆ. ಇರುವ ಬಟ್ಟೆಯನ್ನೆಲ್ಲ ಒಂದರ ಮೇಲೊಂದು ಹಾಕಿಕೊಂಡು ಮಲಗುತ್ತಾನೆ. ಆಲಿವ್ ತಿಂದರೆ ಬೀಜ ಉಗಿಯುವುದಿಲ್ಲ, ಜೇಬಿಗೆ ಹಾಕಿಕೊಂಡು ಕಾವಲಿನಲ್ಲಿ ತೆಗೆದು ಚೀಪುತ್ತಾನೆ. ಚೀಪಿದ್ದನ್ನು ಒರೆಸಿ ಮತ್ತೆ ಜೇಬಿಗೆ.

ಇವತ್ತು ಮಧ್ಯಾಹ್ನ ಕಾವಲಿಗೆ ನನ್ನ ಜೊತೆ ಇವನೇ. ಗಾಳಿ ಅವನ ಕಡೆಯಿಂದ ನನ್ನ ಕಡೆಗೆ.

"ಮಿಲೂದ್, ರಜೆ ಸಿಕ್ತು ಕಣೋ," ಅಂದ.

"ಯಾವಾಗ?"

"ಮೂವತ್ತಕ್ಕೆ ಹೊರಡೋದು. ತಂಗಿ ಮದುವೆ. ಉಪವಾಸದ ತಿಂಗಳು ಶುರುವಾಗೋ ಮುಂಚೆ ಮುಗಿಸ್ಬೇಕಲ್ಲ."

"ನೀನಿಲ್ದೆ ಆಗಲ್ವಾ ಮದುವೆ?"

"ಅಪ್ಪ ಇಲ್ಲ. ಮನೇಲಿ ನಾನೊಬ್ನೇ ಗಂಡಸು. ಗಂಡಿನ ಅಪ್ಪನ ಕೈ ಹಿಡ್ಕೊಂಡು 'ಕೊಟ್ಟೆ' ಅಂತ ಹೇಳ್ಬೇಕಾದೋನು ನಾನು. ನಾನು ಹೋಗಿಲ್ಲ ಅಂದ್ರೆ ಆ ಜಾಗದಲ್ಲಿ ಚಿಕ್ಕಪ್ಪ ಕೂರ್ತಾನೆ. ಅವನಿಗೆ ನನ್ ತಂಗಿ ಮಸೂದಾನ ತನ್ನ ಮಗನಿಗೇ ತಂದ್ಕೋಬೇಕು ಅಂತ ಆಸೆ. ಆ ಮಗ ಈಗಾಗ್ಲೇ ಇಬ್ರು ಹೆಂಡ್ತೀರನ್ನ ಹೊಡೆದು ಓಡಿಸಿದಾನೆ. ಚಿಕ್ಕಪ್ಪ ಕೂತ್ರೆ 'ಕೊಟ್ಟೆ' ಅನ್ನಲ್ಲ. ಏನೋ ಒಂದು ನೆಪ ತೆಗೆದು ಎದ್ದು ಹೋಗ್ತಾನೆ. ಅಲ್ಲಿಗೆ ಮುಗೀತು."

ಆಮೇಲೆ ಟೋಪಿ ತೆಗೆದು ತಲೆ ನನ್ನ ಕಡೆ ಬಗ್ಗಿಸಿದ. "ನೋಡು, ಕಿವಿ ಮುಚ್ಚೋವಷ್ಟು ಬಂದಿದ್ಯಾ?"

ರಜೆ ಹತ್ತಿರ ಬಂದವರೆಲ್ಲ ಹೀಗೆ ಕೂದಲು ಬೆಳೆಸುತ್ತಾರೆ, ಸಾರ್ಜೆಂಟ್ ಮಬ್ರೂಕ್ ನೋಡಿಯೂ ನೋಡದ ಹಾಗೆ ಇರುತ್ತಾನೆ. ಸರ್ಕಾರದ ವಿರುದ್ಧ ಬಂದೂಕು ಹಿಡಿದು ಕಾಡು ಸೇರಿದ ಗುಡ್ಡದವರು ನಮ್ಮಂಥದೇ ಸಮವಸ್ತ್ರ ಹಾಕಿಕೊಂಡು ರಸ್ತೆಯಲ್ಲಿ ನಕಲಿ ತಪಾಸಣೆ ಮಾಡುತ್ತಾರೆ. ಬಸ್ಸು ಹತ್ತಿದ ಕೂಡಲೇ ಟೋಪಿ ತೆಗೆಸುತ್ತಾರೆ. ಗಿಡ್ಡ ಕೂದಲಿನ ಹುಡುಗ ಕಂಡರೆ ಸೈನಿಕನೆಂದು ಕೆಳಗಿಳಿಸುತ್ತಾರೆ. ಬಸ್ಸು ಅವನನ್ನು ಬಿಟ್ಟು ಮುಂದೆ ಹೋಗುತ್ತದೆ. ನವೆಂಬರಿನಲ್ಲಿ ನಮ್ಮ ಶೆಡ್ಡಿನ ಇಬ್ಬರು ಹಾಗೆ ಹೋದರು. ಅವರ ಕಂಬಳಿ ಈಗ ಅಡುಗೆಯವನ ಹತ್ತಿರ ಇದೆ.

"ಬಂದಿದೆ. ಟೋಪಿ ಹಾಕ್ಕೋ," ಅಂದೆ. ಆ ಕೂದಲು ಹತ್ತಿರದಿಂದ ನೋಡುವಂಥದ್ದಾಗಿರಲಿಲ್ಲ.

ಡಿಸೆಂಬರ್ 14

ಹೇನು.

ಬೆಳಿಗ್ಗೆ ಕತ್ತಿನ ಹತ್ತಿರ ಏನೋ ನಡೆದ ಹಾಗಾಯಿತು. ಉಗುರಲ್ಲಿ ಹಿಡಿದು ಬೆಳಕಿಗೆ ತಂದೆ. ಕೊಬ್ಬಿದ ಹೇನು, ಹೊಟ್ಟೆಯೊಳಗೆ ಕಪ್ಪಗೆ ನನ್ನದೇ ರಕ್ತ. ಕಾಲರಿನ ಹೊಲಿಗೆಯುದ್ದಕ್ಕೂ ಸೀರು. ಹೊರಗೆ ಹೋಗಿ ಕಕ್ಕಿದೆ. ಬೆಳಿಗ್ಗೆ ಕುಡಿದ ಕಾಫಿಯೆಲ್ಲ ಹೋಯಿತು, ಅದೇನು ಕಾಫಿಯೂ ಅಲ್ಲ ಬಿಡಿ.

ಬಂದು ತಿಜಾನಿಯ ಕಂಬಳಿ ಎತ್ತಿ ನೋಡಿದೆ. ಅಲ್ಲಿ ಸಂತೆಯೇ ನೆರೆದಿತ್ತು. ಎಲ್ಲರ ಎದುರೇ ಸಾರ್ಜೆಂಟ್ ಹತ್ತಿರ ಹೋದೆ.

"ಸಾರ್ಜೆಂಟ್, ಇವನನ್ನ ನನ್ನ ಪಕ್ಕದಿಂದ ಎಬ್ಬಿಸಿ. ಎಲ್ಲಾದ್ರೂ ದೂರ ಮಲಗಿಸಿ. ಮೈತುಂಬ ಹೇನು."

"ನಿನಗಿಲ್ವಾ?"

"ನಂಗೆ ಬಂದಿದ್ದು ಇವನಿಂದ."

"ಹೇನಿನ ಬೆನ್ನ ಮೇಲೆ ಊರು ಬರೆದಿತ್ತೇನೋ," ಅಂತ ರೆದ್ವಾನ್ ಹಿಂದಿನಿಂದ ಅಂದ. ಎಲ್ಲರೂ ನಕ್ಕರು. ತಿಜಾನಿಯೂ ನಕ್ಕ, ಅವನಿಗೆ ನಾಚಿಕೆ ಎನ್ನುವುದೇ ಇಲ್ಲ. ಸಾರ್ಜೆಂಟ್ ಮಾತ್ರ ನಗಲಿಲ್ಲ. "ಹೇಳಿಬಿಟ್ಯಲ್ಲ, ಇನ್ನು ಮೇಲಕ್ಕೆ ತಿಳಿಸ್ಲೇಬೇಕು," ಅಂದ.

ಡಿಸೆಂಬರ್ 15

ಶೆಡ್ಡಿನವರೆಲ್ಲರ ತಲೆ ಬೋಳಿಸಬೇಕೆಂದು ಕ್ಯಾಪ್ಟನ್ ಆಜ್ಞೆ. ಒಬ್ಬನನ್ನೂ ಬಿಡಕೂಡದು. ರಜೆ ಇರುವವರನ್ನಾದರೂ ಬಿಡಿ ಎಂದು ಸಾರ್ಜೆಂಟ್ ಕೇಳಿದನಂತೆ. ಹೇನು ರಜೆ ನೋಡಿಕೊಂಡು ಕಚ್ಚುತ್ತದೆಯೇ ಎಂದನಂತೆ ಕ್ಯಾಪ್ಟನ್. ಅವನು ವಾರಕ್ಕೊಮ್ಮೆ ಬೆಂಗಾವಲಿನ ಜೊತೆ ಹೆಲಿಕಾಪ್ಟರಿನಲ್ಲಿ ಹೋಗಿ ಬರುವವನು.

ಮಂಚದ ಪಕ್ಕ ಒಂದು ಡಬ್ಬ ಬೋರಲು ಹಾಕಿ ರೆದ್ವಾನ್ ಒಬ್ಬೊಬ್ಬರನ್ನೇ ಕೂರಿಸಿದ. ಬಿದ್ದ ಕೂದಲನ್ನು ಗುಡಿಸಿ ಒಲೆಗೆ ಹಾಕಿದರು. ಆ ವಾಸನೆ ನಾಲಿಗೆಯ ಮೇಲೆ ಕೂತಿದೆ, ಬ್ರೆಡ್ಡು ತಿಂದರೂ ಹೋಗುತ್ತಿಲ್ಲ. ತಿಜಾನಿ ಎಲ್ಲರನ್ನೂ ಮುಂದೆ ಬಿಟ್ಟು ಬಿಟ್ಟು ಕೊನೆಗೆ ಕೂತ.

"ಹದಿನೈದು ದಿನಕ್ಕೆ ಎಷ್ಟು ಬರುತ್ತೆ ರೆದ್ವಾನ್?"

"ಗೋಧಿ ಕಾಳಿನಷ್ಟು."

"ಗೋಧಿ ಕಾಳಿನಷ್ಟಾ."

"ಅದೂ ಬರ್ದಿದ್ರೆ ಚೆನ್ನಾಗಿತ್ತು. ಅಷ್ಟು ಬಂದ್ರೇನೇ ನೋಡು ಅಪ್ಪಟ ಸೈನಿಕನ ತಲೆ." ಹೇಳಿದ ಮೇಲೆ ರೆದ್ವಾನ್‌ಗೆ ತಾನೇನು ಹೇಳಿದೆ ಎಂದು ತಿಳಿಯಿತು. ಕೂದಲು ಕತ್ತರಿಸುವ ಯಂತ್ರ ಓಡಿಸಿದ.

ರಜೆ ಮುಂದೂಡಲು ಕೇಳಿದರೆ, ಹೋಗುವುದಿದ್ದರೆ ಈಗ ಹೋಗು, ಇಲ್ಲದಿದ್ದರೆ ಈದ್ ಕಳೆದ ಮೇಲೆ ಎಂದರಂತೆ. ಅಷ್ಟರಲ್ಲಿ ಚಿಕ್ಕಪ್ಪ ಕೂತು ಎದ್ದು ಹೋಗಿಯಾಗಿರುತ್ತದೆ.

ಎಲ್ಲರೂ ನನ್ನನ್ನು ನೋಡುತ್ತಾರೆ. ಮಂಚ ಬದಲಿಸಿ ಅಂತ ಹೇಳಿದೆನೇ ಹೊರತು ಬೋಳಿಸಿ ಅಂತ ನಾನು ಹೇಳಲಿಲ್ಲ.

ಡಿಸೆಂಬರ್ 16

ಯಾರೂ ಮಾತಾಡಿಸಲಿಲ್ಲ. ಒಳ್ಳೆಯದೇ ಆಯಿತು, ಅವರ ಬಾಯಿಯ ವಾಸನೆ ತಪ್ಪಿತು.

ಡಿಸೆಂಬರ್ 19

ಬೆಳ್ಳುಳ್ಳಿ ಜಜ್ಜಿ ತಿಕ್ಕಿದರೆ ಕೂದಲು ಬೇಗ ಬರುತ್ತದೆಂದು ಯಾರೋ ತಿಜಾನಿಗೆ ಹೇಳಿದ್ದಾರೆ. ದಿನಕ್ಕೆರಡು ಸಲ ತಿಕ್ಕಿಕೊಳ್ಳುತ್ತಾನೆ. ನೆತ್ತಿ ಕೆಂಪಗೆ ಸುಟ್ಟ ಹಾಗಾಗಿದೆ. ಕಂಬಳಿ, ದಿಂಬು, ಅವನು ಮುಟ್ಟಿದ ಬ್ರೆಡ್ಡು, ಎಲ್ಲ ಬೆಳ್ಳುಳ್ಳಿ. ಕಣ್ಣಲ್ಲಿ ನೀರು ಸುರಿಯುತ್ತಿರುತ್ತದೆ. ಬೆಳ್ಳುಳ್ಳಿಯಿಂದಲೇ ಅಂತ ನಾನೂ ಅಂದುಕೊಂಡಿದ್ದೆ.

"ನಿನ್ ಮೇಲೆ ನಂಗೆ ಸಿಟ್ಟಿಲ್ಲ ಕಣೋ," ಅಂದ ಇವತ್ತು. "ಹೇನು ನಂದೇ."

ಬೈದಿದ್ದರೆ ಒಳ್ಳೆಯದಿತ್ತು. ಇಂಥ ಮಾತು ಕೇಳಿದರೆ ಮೈ ಉರಿಯುತ್ತದೆ.

"ಹೋಗ್ತೀಯಾ?" ಅಂತ ಕೇಳಿದೆ.

"ಹೋಗ್ದೆ?"

ಡಿಸೆಂಬರ್ 23

ಗಸ್ತು. ದೇವದಾರು ಕಾಡಿನ ಮೇಲ್ಗಡೆ ಒಂದು ಗುಹೆ ಸಿಕ್ಕಿತು. ಗುಡ್ಡದವರು ಮೂರ್ನಾಲ್ಕು ದಿನದ ಹಿಂದೆ ಬಿಟ್ಟು ಹೋದದ್ದು. ನಮ್ಮಂತೆಯೇ ಕೊಂಬೆ ಹಾಸಿ ಮಲಗಿದ್ದಾರೆ, ನಮ್ಮಂತೆಯೇ ಕಾಲುಚೀಲ ಒಣಹಾಕಲು ತಂತಿ ಕಟ್ಟಿದ್ದಾರೆ. ಪಾತ್ರೆಯ ತಳದಲ್ಲಿ ಹತ್ತಿದ ಬೇಳೆ. ಬಾಗಿಲ ಪಕ್ಕದಲ್ಲೇ ಮೂತ್ರ. ಒಂದು ಕ್ಷಣ ನಮ್ಮ ಶೆಡ್ಡಿಗೇ ಬಂದೆವೇನೋ ಅನಿಸಿತು. ಇವರನ್ನು ಹುಡುಕಿಕೊಂಡು ನಾವು, ನಮ್ಮನ್ನು ಹುಡುಕಿಕೊಂಡು ಅವರು. ಹುಳು ಹುಳುವನ್ನು ಹುಡುಕುತ್ತಾ ತಿರುಗುವುದು ಕಂಡು ಥೂ ಅನಿಸಿತು.

ಸಾರ್ಜೆಂಟ್ ಒಂದೊಂದು ಕಲ್ಲನ್ನೂ ಎತ್ತಿಸಿ ಹುಡುಕಿಸಿದ. ಮೂಲೆಯಲ್ಲಿ ಒಂದು ಕಂಬಳಿ ಮುದ್ದೆಯಾಗಿ ಬಿದ್ದಿತ್ತು. ಯಾರದೋ ಗಾಯದ ಕೀವು, ರಕ್ತ, ವಾಂತಿ, ಎಲ್ಲ ಸೇರಿ ಹೆಪ್ಪುಗಟ್ಟಿತ್ತು. ಅದರ ಕೆಳಗೆ ನೋಡು ಎಂದು ಸಾರ್ಜೆಂಟ್ ರೆದ್ವಾನ್‌ಗೆ ಹೇಳಿದ. ರೆದ್ವಾನ್ ನನಗೆ ಹೇಳಿದ. ನಾನು ಹಿಂದಿನವನಿಗೆ ಹೇಳಿದೆ. ಕೊನೆಗೆ ಸಾರ್ಜೆಂಟೇ ಬಂದು ಮೂಗು ಮುಚ್ಚಿಕೊಂಡು ನೋಡಿ, "ಬಿಡ್ರೋ, ಏನಿರುತ್ತೆ ಅದರಡೀಲಿ," ಅಂದ.

ಇಡೀ ಗುಹೆಯಲ್ಲಿ ನಾವು ಹುಡುಕದೆ ಬಿಟ್ಟದ್ದು ಅದೊಂದೇ.

ಡಿಸೆಂಬರ್ 24

ಬೆಳಿಗ್ಗೆಯಿಂದ ಅದೇ ಕಂಬಳಿ ತಲೆಯಲ್ಲಿ. ಮಧ್ಯಾಹ್ನ ಒಲೆಯ ಹತ್ತಿರ ರೆದ್ವಾನ್, ತಿಜಾನಿ ಇಬ್ಬರೇ ಇದ್ದಾಗ ಹೇಳಿದೆ.

"ತಿಜಾನಿ, ಕೂದಲು ಬೆಳೆಸ್ಬೇಡ. ಇನ್ನೊಂದ್ಸಲ ಬೋಳಿಸ್ಕೋ. ಕತ್ತಿ ಹಾಕಿ, ನುಣ್ಣಗೆ."

"ಇದೊಂದು ಬಾಕಿ ಇತ್ತು," ಅಂದ ರೆದ್ವಾನ್. "ಹೇನು ಹೇಳ್ಕೊಟ್ಟೋನು ಈಗ ಕತ್ತಿ ಹೇಳ್ಕೊಡ್ತಿದಾನೆ."

"ಕೇಳೋ ಪೂರ್ತಿ. ಸೈನಿಕನನ್ನ ಬಿಟ್ಟು ಇನ್ಯಾರ ತಲೆ ಬೋಳಿಸ್ತಾರೆ?"

"ಸತ್ತೋನ್ದು."

"ಹುಳಕಡ್ಡಿ ಹತ್ತಿದೋನ್ದು."

ನಮ್ಮ ಶಾಲೆಯಲ್ಲಿ ತಲೆಗೆ ಹುಳಕಡ್ಡಿ ಹತ್ತಿದ ಹುಡುಗರನ್ನು ಬೋಳಿಸಿ, ನೆತ್ತಿಗೆ ನೇರಳೆ ಔಷಧಿ ಬಳಿದು ಕೊನೆಯ ಬೆಂಚಿನಲ್ಲಿ ಕೂರಿಸುತ್ತಿದ್ದರು. ಮೇಷ್ಟರು ಕೂಡ ಅವರನ್ನು ಉದ್ದನೆ ಕೋಲಿನಿಂದ ದೂರ ನಿಂತೇ ಹೊಡೆಯುತ್ತಿದ್ದರು. ಅವರು ಮುಟ್ಟಿದ ಚೆಂಡನ್ನು ನಾನು ಒದ್ದವನೂ ಅಲ್ಲ.

ಇದನ್ನೆಲ್ಲ ಹೇಳಿದೆ. ತಿಜಾನಿ ಬಾಯಿ ಬಿಟ್ಟುಕೊಂಡು ಕೇಳಿದ.

"ಊರಲ್ಲಿ ನನ್ ತಂಗಿ ಮದುವೆ ಕಣೋ."

"ಮದುವೆಗೆ ಜೀವಂತ ಹೋಗೋದು ಬೇಡ್ವಾ?"

"ಬರೀ ನೇರಳೆ ಬಣ್ಣಕ್ಕೆ ಮೋಸ ಹೋಗ್ತಾರಾ ಅವ್ರು?" ಅಂದ ರೆದ್ವಾನ್.

"ಬರೀ ಬಣ್ಣ ಅಲ್ಲ. ಅಸಹ್ಯ ಪಟ್ಕೊಂಡೋನು ಇನ್ನೊಂದ್ಸಲ ತಿರುಗಿ ನೋಡಿದ್ರೂ ನೋಡ್ದ. ವಾಸನೆ ಹೊಡೆದ್ರೆ ನೋಡಲ್ಲ. ಅದನ್ನ ನಂಗೆ ಬಿಡು."

"ಬಿಟ್ವಿ," ಅಂದ ರೆದ್ವಾನ್. "ಈ ದೇಶದಲ್ಲಿ ಅಸಹ್ಯ ಪಡೋದ್ರಲ್ಲಿ ನಿನ್ನ ಮೀರಿಸೋರಿಲ್ಲ."

ಹತ್ತು ದಿನದ ಮೇಲೆ ಅವನು ನನ್ನ ಜೊತೆ ಇಷ್ಟು ಮಾತಾಡಿದ್ದು.

ಡಿಸೆಂಬರ್ 29

ಇವತ್ತು ಇಡೀ ದಿನ ತಿಜಾನಿಯ ತಲೆಯ ಕೆಲಸ.

ರೆದ್ವಾನ್ ಕತ್ತಿ ಹಾಕಿದ. ಬೇಕೆಂದೇ ಎರಡು ಕಡೆ ಒರಟಾಗಿ ಎಳೆದ. ಕಾಲ್ಬೆರಳ ಸಂದಿ ಕೊಳೆತವರಿಗೆ ಹಚ್ಚುವ ನೇರಳೆ ಔಷಧಿ ಚಿಕಿತ್ಸೆಯ ಡೇರೆಯಲ್ಲಿತ್ತು, ನನಗೂ ಕಾಲು ಕೊಳೆತಿದೆ ಎಂದು ಹೇಳಿ ತಂದೆ. ಮೊದಲು ಮೈದಾಹಿಟ್ಟಿನ ಅಂಟನ್ನು ಬಿಲ್ಲೆ ಬಿಲ್ಲೆಯಾಗಿ ಹಚ್ಚಿದೆ. ಒಣಗಿ ಬಿರಿಯುವಾಗ ಪೊರೆ ಪೊರೆಯಾಗಿ ಎದ್ದಿತು. ಅಂಚಿನಲ್ಲಿ ಬೆಳ್ಳುಳ್ಳಿ ತಿಕ್ಕಿ ಕೆಂಪು ಮಾಡಿದೆ. ಅದರ ಮೇಲೆ ನೇರಳೆ. ಆಮೇಲೆ ಅಡುಗೆಮನೆಯ ಹಿಂದೆ ಎಸೆದಿದ್ದ ಕುರಿ ಕೊಬ್ಬು, ಹಸಿರು ತಿರುಗಿದ್ದು, ಕರಗಿಸಿ ಬಿರುಕಿನೊಳಗೆ ಬೆರಳಿನಿಂದ ಒತ್ತಿ ಒತ್ತಿ ತುಂಬಿದೆ. ತಿಜಾನಿ ಕುರಿ ಕಾಯುವವನು, ಕುರಿಯಿಂದ ಹತ್ತಿದ್ದು, ಕೇಳಿದರೆ ಹಾಗೆ ಹೇಳಬೇಕು. ಭುಜದಲ್ಲಿ ಬಂದೂಕಿನ ಪಟ್ಟಿ ಉಜ್ಜಿದ ಗುರುತಿತ್ತು. ಅಲ್ಲೂ ಒಂದು ಬಿಲ್ಲೆ ಬರೆದೆ.

"ಉರೀತಿದ್ಯಾ?"

"ತಣ್ಣಗಿದೆ. ನಿನ್ ಕೈ ತಣ್ಣಗಿದೆ."

"ಅಲ್ಲಾಡ್ಬೇಡ."

"ನಮ್ಮಮ್ಮ ಹೀಗೇ ಎಣ್ಣೆ ಹಚ್ಚೋಳು."

"ನಿಮ್ಮಮ್ಮ ಇದನ್ನ ನೋಡಿದ್ರೆ ಬಾಗಿಲು ಹಾಕ್ಕೋತಾಳೆ. ಅಲ್ಲಾಡ್ಬೇಡ ಅಂದೆ."

ಸಂಜೆ ಸಾರ್ಜೆಂಟ್ ಮಬ್ರೂಕ್‌ಗೆ ಏನೂ ಹೇಳದೆ ತಿಜಾನಿಯನ್ನು ಅವನ ಎದುರು ನಿಲ್ಲಿಸಿ ಟೋಪಿ ತೆಗೆಸಿದೆವು. ಸಾರ್ಜೆಂಟ್ ಕುರ್ಚಿ ಸಮೇತ ಹಿಂದಕ್ಕೆ ಸರಿದ. "ಏನೋ ಇದು, ದೂರ ನಿಂತ್ಕೋ, ದೂರ," ಅಂದ. ರಜೆ ಚೀಟಿಯನ್ನು ಮೇಜಿನ ಅಂಚಿಗೆ ತಳ್ಳಿದ. ಬರೀ ಬಣ್ಣವೆಂದು ಗೊತ್ತಾದ ಮೇಲೂ ತಿಜಾನಿಯ ಕೈ ಕುಲುಕಲಿಲ್ಲ.

ನನ್ನ ಕೈ ಎಷ್ಟು ತೊಳೆದರೂ ನೇರಳೆ ಹೋಗುತ್ತಿಲ್ಲ. ಹಾಗೇ ಬ್ರೆಡ್ಡು ತಿಂದೆ.

ಡಿಸೆಂಬರ್ 30

ಹೋದ. ಸಾಮಾನಿನ ಲಾರಿ ಬುಯಿರಾ ಪೇಟೆವರೆಗೆ, ಅಲ್ಲಿಂದ ಬಸ್ಸು. ಲಾರಿಯಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ. ಚೆನ್ನಾಗಿ ಆಗಿದೆ ಕೆಲಸ.

ಡಿಸೆಂಬರ್ 31

ಪಕ್ಕದ ಮಂಚ ಖಾಲಿ. ಗಾಳಿ ಚೆನ್ನಾಗಿ ಆಡುತ್ತಿದೆ. ನಿದ್ದೆ ಬರಲಿಲ್ಲ.

ಜನವರಿ 2

ಇವತ್ತು ಮದುವೆ. ನಿನ್ನೆ ರೇಡಿಯೋದಲ್ಲಿ, ಸೂರ್ ಎಲ್ ಘುಜ್ಲಾನ್ ಆಚೆ ದಕ್ಷಿಣದ ರಸ್ತೆಯಲ್ಲಿ ಸೋಮವಾರ ಬಸ್ಸೊಂದನ್ನು ನಿಲ್ಲಿಸಿದ್ದರು ಎಂದು ಹೇಳಿದರು. ಎಷ್ಟು ಜನ, ಯಾರು, ಏನೂ ಇಲ್ಲ. ಕೂಡಲೇ ಹಾಡು ಹಾಕಿದರು. ಸೋಮವಾರ ಮೂವತ್ತನೇ ತಾರೀಖು.

ಬೇಳೆ ಹಾಗೇ ಬಿಟ್ಟೆ. ಅದರಲ್ಲಿ ಏನು ಬಿದ್ದಿತ್ತು ಎಂದೂ ನೋಡಲಿಲ್ಲ.

ಜನವರಿ 5

ಅಡುಗೆಯವನು ತಿಜಾನಿಯ ಕಂಬಳಿ ಕೇಳಿಕೊಂಡು ಬಂದ. ನವೆಂಬರಿನಲ್ಲೂ ಹೀಗೇ ಬಂದಿದ್ದ. ಮುಟ್ಟಿದರೆ ಕೈ ಕತ್ತರಿಸುತ್ತೇನೆ ಎಂದೆ. ಅವನಿಗೆ ಕೊಡದಿರಲು ನಾನೇ ಹೊದ್ದುಕೊಂಡಿದ್ದೇನೆ. ಬೆಳ್ಳುಳ್ಳಿ ವಾಸನೆ. ಬೆಚ್ಚಗಿದೆ, ಅಷ್ಟು ಮಾತ್ರ ಹೇಳಬಹುದು.

ಜನವರಿ 8

ಬಂದ. ಲಾರಿಯ ಹಿಂದಿನಿಂದ ಇಳಿಯುವಾಗ ಮೊದಲು ಕಂಡದ್ದು ಆ ತಲೆ. ನೇರಳೆ ಸ್ವಲ್ಪವೂ ಬಿಟ್ಟಿಲ್ಲ.

ಚೀಲದ ತುಂಬ ಖರ್ಜೂರ ತಂದಿದ್ದಾನೆ. ಒಲೆಯ ಸುತ್ತ ಎಲ್ಲರೂ ಕೂತು ಮದುವೆಯ ಕಥೆ ಕೇಳಿದೆವು. ತಾಯಿ ನಿಂಬೆಹಣ್ಣು, ಬೂದಿ, ಸೀಮೆಎಣ್ಣೆ ಎಲ್ಲ ಹಾಕಿ ತಿಕ್ಕಿದಳಂತೆ. ಕೊಬ್ಬು ಹೋಯಿತು, ಹಿಟ್ಟು ಹೋಯಿತು, ಬಣ್ಣ ಹೋಗಲಿಲ್ಲ. ಹಾಗೇ ಹೋಗಿ ಗಂಡಿನ ಕಡೆಯವರ ಎದುರು ಕೂತನಂತೆ. ಚಿಕ್ಕಪ್ಪನಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕೇ.

"ಎದ್ದು ನಿಂತು ಹೇಳೇಬಿಟ್ಟ. 'ನೋಡ್ರಪ್ಪ, ಈ ಮನೇಲಿ ರೋಗ ಇದೆ. ಅಣ್ಣನ ತಲೆ ಹೀಗಿದ್ರೆ ತಂಗೀದು ಹೇಗಿರುತ್ತೋ. ತಲೆ ಮೇಲೆ ಬಟ್ಟೆ ಹಾಕಿರೋ ಹೆಣ್ಣು, ಯಾರು ನೋಡಿದಾರೆ' ಅಂತ."

"ನೀನೇನಂದೆ?" ಅಂತ ರೆದ್ವಾನ್.

"ಏನನ್ಲಿ? ಅಷ್ಟು ಜನರೆದುರು ಬಣ್ಣದ ಕಥೆ ಹೇಳೋಕಾಗುತ್ತಾ? ಅವರಲ್ಲಿ ಯಾರ ಮಗ ಗುಡ್ಡದಲ್ಲಿದಾನೋ ಯಾರಿಗೆ ಗೊತ್ತು. ಸುಮ್ನೆ ಕೂತಿದ್ದೆ. ಗಂಡಿನ ಅಪ್ಪ, ಹಾಜಿ, ಎಂಬತ್ತು ಆಗಿರ್ಬೇಕು, ಎದ್ದ. ಮುಗೀತು, ಹೊರಟ ಅಂದ್ಕೊಂಡೆ. ನನ್ ಹತ್ರ ಬಂದ. ನನ್ ತಲೇನ ಎರಡೂ ಕೈಲಿ ಹಿಡ್ಕೊಂಡ. ನೆತ್ತಿ ಮೇಲೆ ಮುತ್ತಿಟ್ಟ."

ತಿಜಾನಿ ತನ್ನ ನೆತ್ತಿ ಮುಟ್ಟಿ ಜಾಗ ತೋರಿಸಿದ.

"ಹಿರಿಯರು ಕಿರಿಯರ ತಲೆಗೆ ಮುತ್ತಿಡಲ್ಲ ನಮ್ಕಡೆ. ನಾವು ಅವರಿಗೆ ಇಡ್ಬೇಕು. 'ಇವನ ಕೈಯಿಂದ ನಾನು ಹುಡುಗಿ ತಗೋತೀನಿ' ಅಂದು ಕೈ ಚಾಚಿದ. 'ಕೊಟ್ಟೆ' ಅಂದೆ. ಬಾಯಿಂದ ಸರಿಯಾಗಿ ಬರ್ಲೂ ಇಲ್ಲ. ಆ ಮನುಷ್ಯನ ತುಟಿ ನೋಡ್ಬೇಕಿತ್ತು ನೀವು. ಹೊಸದಾಗಿ ತಿಕ್ಕಿ ತಿಕ್ಕಿ ಒದ್ದೆ ಇತ್ತಲ್ಲ ತಲೆ, ಬಣ್ಣ ಪೂರ್ತಿ ಹತ್ಕೊಂಡಿತ್ತು. ನೇರಳೆ ತುಟಿ ಇಟ್ಕೊಂಡೇ ಊಟದವರೆಗೂ ಓಡಾಡಿದ. ಹೆಂಗಸರ ಕಡೆಯಿಂದ ನಗು ಕೇಳಿಸ್ತು. ಅದರಲ್ಲೊಂದು ನಮ್ ಮಸೂದಾಂದೇ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅದು ಬರೀ ಬಣ್ಣವೆಂದು ಆ ಮುದುಕನಿಗೆ ಗೊತ್ತಾಗಿತ್ತೋ ಇಲ್ಲವೋ. ಗೊತ್ತಿಲ್ಲದೆಯೇ ಮುತ್ತಿಟ್ಟಿದ್ದರೆ ಅದೆಂಥ ಗಟ್ಟಿ ಹೊಟ್ಟೆಯವನಪ್ಪ. ನಾನಾಗಿದ್ದರೆ ಅಂಥ ತಲೆಯನ್ನು ಬೆರಳಲ್ಲೂ ಮುಟ್ಟುತ್ತಿರಲಿಲ್ಲ.

ದಾರಿಯಲ್ಲಿ ಏನಾಯಿತು ಎಂದು ಯಾರೋ ಕೇಳಿದರು. "ಏನೂ ಆಗ್ಲಿಲ್ಲ," ಅಂದು ಖರ್ಜೂರ ಹಂಚಿದ.

ಜನವರಿ 9

ಏನೂ ಆಗಲಿಲ್ಲ ಅಂದದ್ದು ಸುಳ್ಳು. ಇವತ್ತು ಕಾವಲಿನಲ್ಲಿ ನನಗೊಬ್ಬನಿಗೇ ಹೇಳಿದ. ರೇಡಿಯೋದಲ್ಲಿ ಬಂದ ಬಸ್ಸು ಅವನದೇ.

ಅವನು ಬಸ್ಸಿನ ನಡುಭಾಗದ ಒಂದು ಸೀಟಿನಲ್ಲಿದ್ದ. ಕಿಟಕಿಯ ಕಡೆ ಒಬ್ಬ ಹುಡುಗ, ನಮ್ಮದೇ ವಯಸ್ಸು, ಒಳ್ಳೆ ಕೋಟು, ಎಣ್ಣೆ ಹಾಕಿ ಬಾಚಿದ ಉದ್ದನೆ ಕೂದಲು. ಬಸ್ಸು ಬಿಸಿಯಾದ ಹಾಗೆ ಕೊಬ್ಬು ಕರಗಿ ನಾತ ಎದ್ದಿತು. ಆ ಹುಡುಗ ಕೋಟಿನ ತೋಳು ಮೂಗಿಗೆ ಇಟ್ಟುಕೊಂಡ. ಕಂಡಕ್ಟರನ್ನು ಕರೆದು, "ಇವನನ್ನ ಎಬ್ಬಿಸ್ರಿ, ಇಲ್ಲಾಂದ್ರೆ ನಾನಿಲ್ಲೇ ಕಕ್ತೀನಿ," ಅಂದ. ಸೀಟಿಲ್ಲ, ಬೇಕಾದರೆ ನೀವೇ ಹೋಗಿ ಅಂದ ಕಂಡಕ್ಟರ್. ಹುಡುಗ ಎದ್ದು ಮುಂದೆ ಹೋಗಿ ಡ್ರೈವರ್ ಹತ್ತಿರ ಒಂದು ಮೂಟೆಯ ಮೇಲೆ ಕೂತ.

ಸೂರ್ ಎಲ್ ಘುಜ್ಲಾನ್ ದಾಟಿದ ಮೇಲೆ ತಿರುವಿನಲ್ಲಿ ಬಸ್ಸು ನಿಲ್ಲಿಸಿದರು. ಇಬ್ಬರು ಹತ್ತಿದರು. ಒಬ್ಬ ಮುಂದೆಯೇ ನಿಂತು ಒಬ್ಬೊಬ್ಬರ ಕಾಗದ ನೋಡತೊಡಗಿದ. ಇನ್ನೊಬ್ಬ ಟೋಪಿ ತೆಗೆಸುತ್ತಾ ಹಿಂದಕ್ಕೆ ಬಂದ. ತಿಜಾನಿ ಕೇಳುವ ಮುಂಚೆಯೇ ಟೋಪಿ ತೆಗೆದ.

"ಶಾಲಿನ ತುದಿ ಮೂಗಿಗೆ ಒತ್ಕೊಂಡ. 'ಥೂ' ಅಂದ. ನಿನ್ ಹಾಗೇ ಅಂದ ಕಣೋ, ನಿಂದೇ ದನಿ. ವಾಪಸ್ ತಿರುಗ್ದ. ನನ್ ಸೀಟು ದಾಟಿ ಹಿಂದಕ್ಕೆ ಹೋಗ್ಲೇ ಇಲ್ಲ. ನನ್ ಹಿಂದೆ ಇದ್ದೋರನ್ನ ಯಾರನ್ನೂ ಕೇಳ್ಲಿಲ್ಲ."

"ಮುಂದೆ ಇದ್ದೋರು?"

"ಮೂವರನ್ನ ಇಳಿಸಿದ್ರು."

"ಆ ಹುಡುಗ?"

ಹೌದೆಂದು ತಲೆ ಆಡಿಸಿದ.

"ಸೈನಿಕನಾ ಅವನು?"

"ಯಾರಿಗೊತ್ತು. ಕಾಗದ ನೋಡಿ ಏನೋ ಕೇಳಿದ್ರು. ಏನೋ ಹೇಳ್ದ. ಇಳಿಯುವಾಗ ಕೋಟಿನ ಗುಂಡಿ ಹಾಕ್ಕೊಂಡ, ಹೊರಗೆ ಚಳಿ ಅಲ್ವಾ. ಕಿಟಕಿ ಹತ್ರ ಕೂತಿದ್ರೆ ಅವನ ತನಕ ಬರ್ತಿರ್ಲಿಲ್ಲ ಮಿಲೂದ್. ನನ್ನ ದಾಟಿ ಬರ್ಬೇಕಿತ್ತಲ್ಲ."

ಆ ಹುಡುಗ ಯಾಕೆ ಎದ್ದು ಹೋದ ಎಂದು ನನಗೆ ಚೆನ್ನಾಗಿ ಗೊತ್ತು. ಆ ಕೊಬ್ಬನ್ನು ಬಿರುಕು ಬಿರುಕಿಗೂ ಒತ್ತಿ ತುಂಬಿದವನು ನಾನು. ಸ್ವಲ್ಪ ಕಡಿಮೆ ತುಂಬಿದ್ದರೆ ಆ ಹುಡುಗ ಅಲ್ಲೇ ಕೂತಿರುತ್ತಿದ್ದ. ಸ್ವಲ್ಪ ಕಡಿಮೆಯಾಗಿದ್ದರೆ ಗುಡ್ಡದವನೂ ಇನ್ನೊಂದು ಸಲ ನೋಡುತ್ತಿದ್ದ. ಎಷ್ಟು ಹಾಕಬೇಕಿತ್ತು?

"ಹೆಸರು ಕೇಳಿದ್ಯಾ?" ಅಂದೆ.

"ಮೂಗು ಮುಚ್ಕೊಂಡಿದ್ದ. ಹೇಗೆ ಕೇಳ್ಲಿ?"

ಜನವರಿ 11

ಉಪವಾಸದ ಎರಡನೇ ದಿನ. ಸೂರ್ಯ ಮುಳುಗಿದ ಮೇಲೆ ನಾಲ್ಕು ನಾಲ್ಕು ಜನಕ್ಕೆ ಒಂದೊಂದು ಬೋಗುಣಿ ಗಂಜಿ ಕೊಡುತ್ತಾರೆ. ಅದು ಎಷ್ಟು ನೀರಾಗಿತ್ತು ಎಂದರೆ ತಳದಲ್ಲಿ ಬೋಗುಣಿಯ ತೂತು ಮುಚ್ಚಿದ ತೇಪೆ ಕಾಣುತ್ತಿತ್ತು. ಇಡೀ ದಿನ ಹಸಿದವರಿಗೆ ಇದನ್ನು ಕೊಡುವವರಿಗೆ ಕೈ ಹೇಗೆ ಬರುತ್ತದೋ.

ನಮ್ಮ ಬೋಗುಣಿಗೆ ತಿಜಾನಿ, ರೆದ್ವಾನ್, ನಾನು. ನಾಲ್ಕನೆಯವನಾಗಿ ಇವತ್ತೇ ಬಂದ ಒಬ್ಬನನ್ನು ಸಾರ್ಜೆಂಟ್ ಕಳಿಸಿದ. ಬಾದಿಸ್ ಅಂತ, ಕಾನ್‌ಸ್ಟಾಂಟೀನ್ ಕಡೆಯವನು, ನನ್ನ ಎರಡರಷ್ಟು ದಪ್ಪ. ಬೂಟು ಇನ್ನೂ ಹೊಳೆಯುತ್ತಿದೆ. ತಿಜಾನಿಯ ಪಕ್ಕ ಅರ್ಧ ಕೂತವನು ಆ ನೆತ್ತಿ ನೋಡಿದ. ಚಮಚ ಕೆಳಗಿಟ್ಟ.

"ಇದೇನು ಇವನ ತಲೇಲಿ?"

"ಹೂ ಬಿಟ್ಟಿದೆ," ಅಂದ ರೆದ್ವಾನ್.

"ಇವನ ಜೊತೆ ಒಂದೇ ಬೋಗುಣೀಲಿ ನಾನು ತಿನ್ನಲ್ಲಪ್ಪ. ಹೊಟ್ಟೆ ತೊಳೆಸುತ್ತೆ." ಎದ್ದ.

ಅವನ ಮುಂಗೈ ಹಿಡಿದೆ.

"ಎಲ್ಲಿಗೆ?"

"ಅಲ್ಲಿ ಮುಂದೆ ಜಾಗ ಇದೆಯಲ್ಲ."

"ಮುಂದೆ ಬೇಡ."

"ಬಿಡೋ ಕೈನ. ಯಾರೋ ನೀನು?"

"ಮುಂದೆ ಹೋಗ್ಬೇಡ ಅಂದೆನಲ್ಲ. ಇಲ್ಲೇ ಕೂತ್ಕೋ."

ಅವನು ಎಳೆದ. ನಾನು ಬಿಡಲಿಲ್ಲ. ಬೋಗುಣಿ ಅಲುಗಾಡಿ ಗಂಜಿ ಚೆಲ್ಲಿತು. ಶೆಡ್ಡಿನವರೆಲ್ಲ ತಿರುಗಿ ನೋಡಿದರು. "ಕೂತ್ಕೋ ಮಾರಾಯ," ಅಂದೆ, "ಏನೂ ಆಗಲ್ಲ, ಕೂತ್ಕೋ."

ನನ್ನ ಮುಖದಲ್ಲಿ ಏನು ಕಂಡನೋ, ಕೂತ. ಚಮಚ ಒರೆಸಿಕೊಂಡ. ತಿಜಾನಿ ಬೋಗುಣಿಯನ್ನು ಅವನ ಕಡೆ ಸರಿಸಿದ. ಅವನು ತಿನ್ನಲು ಶುರು ಮಾಡುವವರೆಗೂ ನಾನು ಕೈ ಬಿಡಲಿಲ್ಲ.